ಮಡಿಮನೆಗೆ ಬಂದ ಹಂದಿಹುಳು

ಕಲಬುರ್ಗಿಗೆ ತಲೆಯೊಳಗಿನ ಚಿತ್ರ ತೆಗೆಯುವ ಯಂತ್ರ ಹೊಸದಾಗಿ ಬಂದಿದ್ದ ಕಾಲ. ಆ ಕಾಲದಲ್ಲಿ ಜೇವರ್ಗಿ ಕಾಲೋನಿಯಲ್ಲಿ ಒಂದು ಅಡುಗೆಮನೆಯಷ್ಟು ದೊಡ್ಡ ರಾಜ್ಯ, ಅದಕ್ಕೊಬ್ಬಳು ರಾಣಿ, ಹೆಸರು ಜಾನಕೀಬಾಯಿ. ಆ ರಾಜ್ಯದ ಗಡಿಯನ್ನು ಉಳ್ಳಾಗಡ್ಡಿ ದಾಟಿದ್ದಿಲ್ಲ, ಬಳ್ಳೊಳ್ಳಿ ದಾಟಿದ್ದಿಲ್ಲ. ಸಾಬೂನು ಬಚ್ಚಲಿನಾಚೆ ಬರುವಂತಿರಲಿಲ್ಲ. ಅದರಲ್ಲಿ ಯಾವ ಪ್ರಾಣಿಯ ಕೊಬ್ಬೋ ಏನೋ! ಕೈಗೆ ನೀರು ಬಿದ್ದರೆ ಮೈಲಿಗೆ ತಾನಾಗಿ ನಾಚಿ ಓಡಬೇಕು, ಅದು ಅಲ್ಲಿಯ ಕಾನೂನು.

ಮೊಮ್ಮಗಳು ವೈಜಯಂತಿ ತಾಯಿಯಿಲ್ಲದ ಹುಡುಗಿ, ಅಜ್ಜಿಯ ಕೈತುತ್ತಿನಲ್ಲೇ ಕಾಲೇಜು ಮುಟ್ಟಿದವಳು. ಒಂದು ದಿನ ಊಟಕ್ಕೆ ಕೂತವಳು ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದು ಬಿದ್ದಳು. ಜಾನಕೀಬಾಯಿ ಓಣಿಗೆಲ್ಲ “ಪಿತ್ತ ಆಗ್ಯದ” ಎಂದು ಸಾರಿ, ಒಳಗೆ ಬಂದು ದೇವರ ಮುಂದೆ ಅತ್ತಳು. “ನರಸಿಂಹಾ, ಈ ಕೂಸು ಛಲೋ ಆಗ್ಲಿ. ಡಾಕ್ಟರ್ ಏನ್ ಹೇಳ್ತಾರ ಅದನ್ನ ಮಾಡ್ತೀನಿ, ಆಣಿ.”

ಧಾರಾಳವಾಗಿ ಆಣೆಯಿಟ್ಟಳು. ಡಾಕ್ಟರು ಇನ್ನೂ ಏನೂ ಹೇಳಿರಲಿಲ್ಲವಲ್ಲ.

ಸ್ಕ್ಯಾನ್ ಆಯಿತು. ಡಾಕ್ಟರ್ ಮಕ್ಸೂದ್ ಕರಿಹಾಳೆಯನ್ನು ಬೆಳಕಿಗೆ ಹಿಡಿದರು. “ನೋಡ್ರಿ ಬಾಯಾರ, ಸಣ್ಣದೊಂದು ಉಂಗುರ, ನಡುವ ಚುಕ್ಕಿ. ಹಂದಿಯಿಂದ ಬರೋ ಲಾಡಿಹುಳದ ಮರಿ ಇದ್ದಂಗ ಕಾಣ್ತದ. ಮೂರ್ಛೆ ಅದ್ರಿಂದನ ಬಂದಿರಬಹುದು.”

“ಬಂದಿರಬಹುದು” ಎಂಬುದು ಜಾನಕೀಬಾಯಿಯ ಕಿವಿಗೆ ಬೀಳಲೇ ಇಲ್ಲ. ಬಿದ್ದದ್ದು ಹಂದಿ ಒಂದೇ.

“ಏನಂದ್ರಿ? ನಮ್ಮ ಮನ್ಯಾಗ ಉಳ್ಳಾಗಡ್ಡಿ ಸುದ್ಧಾ ಹೆಚ್ಚಂಗಿಲ್ಲ! ಯಾರದೋ ತಲಿ ಫೋಟೋ ನಮಗ ಕೊಟ್ಟೀರಿ. ಬದಲಿ ಕೊಡ್ರಿ!”

“ತಲಿ ಇವಳದೇ ಅದರಿ. ತಿನ್ನಾವ್ರು ನೀವಲ್ಲ, ನಾನೂ ಅಲ್ಲ. ಅರ್ಧ ಬೆಂದದ್ದು ಯಾರೋ ತಿಂತಾರ, ಹೊಲದಾಗ ಬಯಲಕಡಿಗೆ ಕೂಡ್ತಾರ, ಹುಳದ ತತ್ತಿ ಸೊಪ್ಪು-ತಪ್ಪಲಕ್ಕ ಹತ್ತತಾವ. ಹಸೇ ತಪ್ಪಲ ತಿಂತೀರೇನು?”

“ಕಮಲಾಪುರದಿಂದ ನಮ್ಮ ಹೊಲಾ ಮಾಡೋ ಖಂಡೆಪ್ಪಣ್ಣ ಬಸ್ಸಿನಾಗ ಕಳಸ್ತಾನ್ರಿ, ಮೆಂತ್ಯ, ಕೊತ್ತಂಬ್ರಿ. ಅಜ್ಜಿ ದಿನಾ ಹಸೇದು ಪಚಡಿ ಮಾಡ್ತಾಳ,” ಎಂದಳು ವೈಜಯಂತಿ.

“ಸ್ವಂತ ಹೊಲದ್ದು!” ಎಂದಳು ಜಾನಕೀಬಾಯಿ, ಹುಳುವಿಗೂ ಪಹಣಿ ತೋರಿಸುವವಳ ಹಾಗೆ.

“ಗುಳಿಗಿ ನಡುವ ಬಿಡಬ್ಯಾಡ್ರಿ. ಹಸೇ ತಪ್ಪಲ ಬಂದ್. ತಪ್ಪಲ ಮುಟ್ಟಿದ ಕೈಗೂ ತತ್ತಿ ಹತ್ತತಾವ, ಬರೇ ನೀರಿಗೆ ಹೋಗಂಗಿಲ್ಲ; ಅಡಗಿ ಮಾಡೋರು ಸಾಬೂನು ಹಚ್ಚಿ ಕೈ ತೊಳೀರಿ.”

ಮೊದಲ ಎರಡಕ್ಕೆ ರಾಣಿ ತಲೆಯಾಡಿಸಿದಳು. ಮೂರನೆಯದಕ್ಕೆ ಮಗ ಗೋಪಾಲ ಒಂದು ಸಾಬೂನು ತಂದ. ಅದನ್ನು ಕಾಗದ ಬಿಚ್ಚದೆ ಅಡುಗೆಮನೆಯ ಗೂಡಿನಲ್ಲಿ ಕೂರಿಸಿದಳು. ಕೇಳಿದರೆ “ಇಟ್ಟೀನಲ್ಲ!” ಬರೀ ದರ್ಶನಕ್ಕೇ ಹುಳು ಸಾಯಬೇಕು.

ಸಿಟ್ಟು ತೀರಿಸಿಕೊಳ್ಳಲು ಯಾರಾದರೂ ಬೇಕಲ್ಲ. ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗಿ, ಹೊಲದ ಬದುವಿನ ಮೇಲೇ ಖಂಡೆಪ್ಪನನ್ನು ಹಿಡಿದಳು. “ನಿನ್ನ ಹೊಲಾ ಮೈಲಿಗಿ ಆಗ್ಯದೋ!”

“ಹೊಲಾ ನಿಮ್ದ ಅದರಿ ಬಾಯಾರ, ನಾ ಬರೇ ಬೆಳೀತೀನಿ,” ಎಂದ ಅವನು ತಣ್ಣಗೆ. “ಊರ ಮಂದಿಗೆ ಇಲ್ಲಿ ಕೂಡಬ್ಯಾಡ ಅಂದ್ರ ಎಲ್ಲಿ ಕೂಡಬೇಕು? ಪಾಯಖಾನಿ ಕಟ್ಟಸ್ತೀರೇನು?”

ರಾಣಿ ಸುತ್ತ ನೋಡಿದಳು. ಕಾಲುವೆಯ ಪಕ್ಕದಲ್ಲೇ ಮೆಂತ್ಯ, ಅದರ ಪಕ್ಕದಲ್ಲೇ ಊರಿನ ಬೆಳಗಿನ ಕುರುಹುಗಳು. ಸೀರೆಯೆತ್ತಿ ಹಿಡಿದು ನಡೆದು ಬಂದಳು. ಆದರೂ ಪಲ್ಯಕ್ಕಾಗುತ್ತದೆ ಎಂದು ಒಂದು ಕಟ್ಟು ಮೆಂತ್ಯ ತರದೇ ಬಿಡಲಿಲ್ಲ.

ಮನೆಗೆ ಬಂದು ಮಿಂದು, ಮೆಂತ್ಯದ ಎಲೆ ಬಿಡಿಸಿ, ಕೈಗೆ ಎರಡು ತಂಬಿಗೆ ನೀರು ಸುರಿದುಕೊಂಡು ಮೊಸರನ್ನ ಕಲಸಿದಳು. ತುತ್ತು ಚಾಚಿದಳು. ವೈಜಯಂತಿ ಬಾಯಿ ತೆರೆಯಲಿಲ್ಲ.

“ಬ್ಯಾಡಜ್ಜಿ. ನಿನ್ನ ಕೈ ಮೈಲಿಗಿ ಆಗ್ಯಾವ.”

“ನನ್ನ ಕೈ? ಈಗರೆ ಮಡೀಲೆ ಬಂದೀನಲ್ಲೇ!”

“ಇದು ನೀರಿಗೆ ಹೋಗೂ ಮೈಲಿಗಿ ಅಲ್ಲ. ನಂಗ ಮತ್ತ ಬೀಳೂದು ಬ್ಯಾಡ. ಅಂಜಿಕಿ ಬರ್ತದ.”

ಆ ಮನೆಯಲ್ಲಿ ಮೈಲಿಗೆ ಎಂಬ ಮಾತನ್ನು ಇಷ್ಟು ವರ್ಷ ಒಬ್ಬಳೇ ಆಡಿದ್ದಳು, ಆಡಿಸಿಕೊಂಡಿರಲಿಲ್ಲ. ಜಾನಕೀಬಾಯಿ ತುತ್ತನ್ನು ತಟ್ಟೆಗೆ ಬಿಟ್ಟಳು, ಎದ್ದಳು, ಗೂಡಿಗೆ ಕೈ ಹಾಕಿ ಕಾಗದ ಹರಿದಳು.

“ನರಸಿಂಹಾ, ಒಂದ್ ಗಳಿಗಿ ಆ ಕಡಿ ನೋಡಪಾ.”

ಬೆರಳ ಸಂದಿ, ಉಗುರ ಕೆಳಗು, ಬಳೆಯ ತನಕ ನೊರೆ ಹಚ್ಚಿ ತಿಕ್ಕಿ ತಿಕ್ಕಿ ಎರಡೂ ಕೈ ತೊಳೆದಳು.