ಒಳಗಡೆಯ ಕಂದಕ

ಬೋಳುಗುಡ್ಡಗಳ ನೆತ್ತಿಯ ಮೇಲೆ, ಗಾಳಿಗಲ್ಲದೆ ಬೇರೆ ಯಾರಿಗೂ ಕೆಲಸವಿಲ್ಲದ ಜಾಗದಲ್ಲಿ, ಎಂಟುನೂರು ವರ್ಷ ಹಳೆಯದೊಂದು ಮಣ್ಣಿನ ದಿಬ್ಬ ಬಳೆಯ ಹಾಗೆ ದುಂಡಗೆ ಬಿದ್ದುಕೊಂಡಿತ್ತು. ಅದರೊಳಗೆ ದೊಡ್ಡಮ್ಮನ ಕುರಿಗಳು ಚಳಿಗಾಲ ಕಳೆಯುತ್ತಿದ್ದವು. ದೊಡ್ಡಮ್ಮ ಅಂದರೆ ಯಾರ ದೊಡ್ಡಮ್ಮನೂ ಅಲ್ಲ; ಜಗಳಕ್ಕೆ ನಿಂತರೆ ಎಲ್ಲರಿಗೂ ದೊಡ್ಡಮ್ಮ.

ಈಗ ಜಗಳಕ್ಕೊಂದು ಕಾರಣವೂ ಸಿಕ್ಕಿತ್ತು. ಪ್ರಾಚ್ಯವಸ್ತು ಇಲಾಖೆಯ ಸಾಹೇಬ ಟೇಪು ಹಿಡಿದು ಬಂದು, ಇದು ರಾಜನ ಕೋಟೆ, ತಂತಿಬೇಲಿ ಹಾಕುತ್ತೇವೆ, ಕುರಿಗಳನ್ನು ಹೊರಗೆ ಹೊಡೆಯಿರಿ ಅಂದಿದ್ದ. ಈ ದಿಬ್ಬದ ಮರೆ ತಪ್ಪಿದರೆ ಮೊದಲ ಹಿಮಗಾಳಿಗೇ ಮರಿಗಳೆಲ್ಲ ಸೆಟೆದು ಸಾಯುತ್ತವೆ.

“ಕೋಟೆಯಂತೆ ಕೋಟೆ! ಕಂದಕ ಎಲ್ಲಿದೆ ನೋಡಿದ್ರಾ ಸ್ವಾಮಿ?”

“ದಿಬ್ಬದ ಪಕ್ಕದಲ್ಲೇ ಇದೆಯಲ್ಲ.”

“ಯಾವ ಪಕ್ಕ? ಒಳಗಡೆ! ಶತ್ರು ಬರ್ತಾನೆ ಅಂತ ಯಾವ ರಾಜ ತನ್ನ ಮಂಚದ ಪಕ್ಕ ಹಳ್ಳ ತೋಡಿಸ್ತಾನೆ? ಒಳಗಡೆ ಕಂದಕ ತೋಡೋದು, ಒಳಗಿರೋದು ಹೊರಗೆ ಹಾರಬಾರದು ಅಂತ. ಇದು ದೊಡ್ಡಿ. ನಿಮ್ಮ ರಾಜ ಕುರಿ ಸಾಕಿದ್ದ, ಅಷ್ಟೇ.”

ಸಾಹೇಬ ಕಂದಕಕ್ಕಿಳಿದ. ದಿಬ್ಬ ಹತ್ತಲು ಹೋಗಿ ಮೂರು ಸಲ ಜಾರಿದ. ಮೂರನೆಯ ಸಲ ಬಿದ್ದಲ್ಲೇ ಕೂತು, ಕೆಸರುಗೈಯಲ್ಲಿ ಚಪ್ಪಾಳೆ ತಟ್ಟಿದ.

“ಹೌದಲ್ಲ! ಕೋಟೆಗಳು ಹೆಜ್ಜೆಗೊಂದು ಇವೆ ದೊಡ್ಡಮ್ಮ. ಇಷ್ಟು ಹಳೇ ದೊಡ್ಡಿ ಎಲ್ಲೂ ಇಲ್ಲ! ಇದಕ್ಕೆ ಎರಡು ಸುತ್ತು ಬೇಲಿ ಹಾಕ್ಬೇಕು!”

ದೊಡ್ಡಮ್ಮ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದಳು. “ಥೂ, ನನ್ನ ನಾಲಿಗೆಗೆ ಬೆಂಕಿ ಬೀಳ! ಕೋಟೆ ಅಂತಲೇ ಬರ್ಕೊಳ್ಳಿ ಸ್ವಾಮಿ. ಬೇಕಾದ್ರೆ ಸಿಂಹಾಸನ ಇದ್ದ ಜಾಗನೂ ತೋರಿಸ್ತೀನಿ.” ಸಾಹೇಬ ಕೇಳಿಸಿಕೊಂಡರೆ ತಾನೇ?

ಅಷ್ಟರಲ್ಲಿ ಹೊತ್ತು ಇಳಿಯಿತು. ಇಲಾಖೆಯ ಅಪ್ಪಣೆಗೆ ಕಾಯದೆ ಕುರಿಗಳು ದುಡುದುಡು ಒಳಗೆ ನುಗ್ಗಿದವು. ಹಿಂದೆಯೇ ಬಂದ ನಾಯಿ, ಹೊರಹೋಗಲು ಇದ್ದ ಒಂದೇ ಸಂದಿಗೆ ಅಡ್ಡ ಮಲಗಿತು. ಮಂದೆ ಒಳಸೇರಿದ ಮೇಲೆ ದೊಡ್ಡಮ್ಮ ಸಿಳ್ಳೆ ಹಾಕದೆ ಅದು ಯಾರನ್ನೂ ಹೊರಗೆ ಬಿಡುತ್ತಿರಲಿಲ್ಲ. ಒಳಗಿದ್ದವರ ಕಾಲು ನಾಲ್ಕೋ ಎರಡೋ ಅಂತ ಎಣಿಸುವ ನಾಯಿಯಲ್ಲ ಅದು. ಸಾಹೇಬ ಒಂದು ಹೆಜ್ಜೆ ಇಟ್ಟ, ನಾಯಿ ಹಲ್ಲು ತೋರಿಸಿತು. ದೊಡ್ಡಮ್ಮನಿಗೆ ಹೋದ ಜೀವ ಬಂದಂತಾಯಿತು.

“ಕರೀರಿ ಅದನ್ನ!”

“ಕರೀತೀನಿ. ಮೊದ್ಲು ಕುರಿ ಇಲ್ಲೇ ಇರ್ಲಿ ಅಂತ ಬರೀರಿ.”

ಅರ್ಧ ಗಂಟೆ ಹಗ್ಗಜಗ್ಗಾಟ ನಡೆಯಿತು. ಟೇಪಿನ ತುದಿಯನ್ನು ಟಗರೊಂದು ಜಗಿಯುತ್ತಿರಲು ಸಾಹೇಬ ಬರೆದ: ಕುರಿ ಇದ್ದರೆ ಮಾತ್ರ ದೊಡ್ಡಿ, ಆದ ಕಾರಣ ಕುರಿಗಳನ್ನೂ ಸೇರಿಸಿ ಸಂರಕ್ಷಿಸತಕ್ಕದ್ದು. ಓದು ಬಾರದ ದೊಡ್ಡಮ್ಮ ಎರಡು ಸಲ ಓದಿಸಿ ಕೇಳಿ, ಸಿಳ್ಳೆ ಹಾಕಿದಳು.

ಸಂದಿ ದಾಟಿದ ಸಾಹೇಬ ತಿರುಗಿ ನಿಂತ. “ಈಗ ಹೊರಗೆ ಬಂದೆ. ಇದನ್ನ ಹರಿದು ಹಾಕಿದ್ರೆ ಏನ್ ಮಾಡ್ತೀರಿ?”

ದೊಡ್ಡಮ್ಮನ ಜೋರೆಲ್ಲ ಇಳಿದುಹೋಯಿತು. ಕಣ್ಣು ತುಂಬಿತು.

“ಸತ್ತ ಮರಿಗಳನ್ನ ಹೂಳ್ತೀನಿ. ಇನ್ನೇನ್ ಮಾಡ್ಲಿ?”

ಸಾಹೇಬ ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು, ಒಳಗಿದ್ದಾಗ ಬೇಕೆಂದೇ ಖಾಲಿ ಬಿಟ್ಟಿದ್ದ ಜಾಗದಲ್ಲಿ ಸಹಿ ಹಾಕಿದ.