ನಿಲ್ದಾಣವಿಲ್ಲದಲ್ಲಿ ನಿಂತ ಬಸ್ಸು

ತಾತ ಬಸ್ಸಿನಿಂದ ಇಳಿದರೂ ಬಸ್ಸು ತಾತನ ಮೈಯಿಂದ ಇಳಿದಿರಲಿಲ್ಲ. ಡ್ರೈವರ್ ಕೆಲಸದಿಂದ ನಿವೃತ್ತನಾದ ಮೇಲೆ ಮೊಮ್ಮಕ್ಕಳು ಬಂದರೆ ಸಾಕು, ಮನೆಯ ಕುರ್ಚಿಗಳೆಲ್ಲ ನಡುಮನೆಯಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಮುಂದಿನ ಕುರ್ಚಿಯಲ್ಲಿ ತಾತ. ಕೈಯಲ್ಲಿ ಊಟದ ತಟ್ಟೆಯೇ ಸ್ಟಿಯರಿಂಗು, ಬಾಯಲ್ಲೇ ಹಾರನ್ನು. ಅಜ್ಜಿ ಅಡುಗೆಮನೆಯಿಂದ "ಊಟಕ್ಕೆ ಬರ್ತೀರೋ ಇಲ್ವೋ?" ಎಂದು ಗದರಿದರೆ, "ಬ್ರೇಕು ಹಿಡೀತಿಲ್ಲ ಕಣೇ!" ಎಂದು ಕೂಗುತ್ತಿದ್ದ.

ತಾತನದು ತುಂಬು ಬಾಳು. ನಿದ್ದೆಯಲ್ಲೇ ಹೋದ. ಹಿರಿಯ ಮೊಮ್ಮಗಳಿಗೆ ಅದಕ್ಕಿಂತ ದೊಡ್ಡ ಸಂಕಟವೆಂದರೆ ಅಜ್ಜಿಯ ಮೌನ. ಅರಳು ಹುರಿದಂತೆ ಮಾತಾಡುತ್ತಿದ್ದವಳು ಈಗ ಕೇಳಿದ್ದಕ್ಕೆ ಹೂಂ ಅಂದರೆ ಅಂದಳು, ಇಲ್ಲದಿದ್ದರೆ ಅದೂ ಇಲ್ಲ. ಯೋಚಿಸಿ ಯೋಚಿಸಿ ಮೊಮ್ಮಗಳು ಒಂದು ಭಾನುವಾರ ತಾತನ ಹಳೆಯ ಜೊತೆಗಾರ ಕಂಡಕ್ಟರನ್ನು ಮನೆಗೆ ಕರೆತಂದಳು. ಮಕ್ಕಳ ಬಾಯಲ್ಲಿ ಅವನು 'ಸೀಟಿ ತಾತ'.

ಎಲ್ಲರೂ ಸುತ್ತ ಕೂತರು. ಚಹಾ ಬಂತು. ಸೀಟಿ ತಾತ ಅಜ್ಜಿಯತ್ತ ತಿರುಗಿ, "ಅತ್ತಿಗೆ, ಆ ನೀರಿನ ಕಥೆ ಹೇಳ್ಲಾ?" ಎಂದ. ಅಜ್ಜಿ ಕಿಟಕಿಯಾಚೆ ನೋಡುತ್ತಿದ್ದಳು.

"ಮೌನಂ ಸಮ್ಮತಿ," ಎಂದು ಅವನೇ ಶುರು ಮಾಡಿದ. "ನಿಮ್ಮಜ್ಜಿ ತೌರುಮನೆ ಮುಂದೆ ಸ್ಟಾಪೇ ಇರ್ಲಿಲ್ಲ. ಆದ್ರೂ ದಿನಾ ಬೆಳಿಗ್ಗೆ ನಮ್ಮ ಬಸ್ಸಿಗೆ ಅಲ್ಲೇ ಬಂದು ಏನಾದ್ರೂ ಆಗೋದು. ಇವನು, ಅಂದ್ರೆ ನಿಮ್ಮ ತಾತ, ಇಳಿದು, ಬಾನೆಟ್ಟು ಎತ್ತಿ, ಒಳಗೆ ಇಣುಕಿ, 'ಇಂಜಿನ್ನು ಕಾದುಬಿಟ್ಟಿದೆ, ಸ್ವಲ್ಪ ನೀರು!' ಅನ್ನೋನು. ನಿಮ್ಮಜ್ಜಿ ಬಕೆಟ್ಟಲ್ಲಿ ನೀರು ತರೋರು. ಸುರಿಯೋನು. ಹೊರಡೋನು. ಮಾತಿಲ್ಲ, ಕಥೆಯಿಲ್ಲ!"

"ತಾತ ಮಾತಾಡ್ತಿರ್ಲಿಲ್ವಾ?" ಮೊಮ್ಮಗಳಿಗೆ ನಂಬಲಾಗಲಿಲ್ಲ.

"ತುಟಿಪಿಟಕ್ ಅನ್ನೋನಲ್ಲ! ಕೊನೆಗೊಂದು ದಿನ ನಿಮ್ಮಜ್ಜಿಯ ಅಪ್ಪ, ಮೇಷ್ಟ್ರು, ಒಬ್ಬ ಮೆಕ್ಯಾನಿಕ್ಕನ್ನ ಕರ್ಕೊಂಡು ಬಾಗಿಲಲ್ಲೇ ನಿಂತಿದ್ರು. ಇವನು ಬಾನೆಟ್ಟು ಎತ್ತಲೇಬೇಕಾಯ್ತು. ಮೆಕ್ಯಾನಿಕ್ಕು ಎಲ್ಲಾ ನೋಡಿ ಹೇಳ್ದ, 'ಇಂಜಿನ್ನಿಗೇನೂ ಆಗಿಲ್ಲ ಮೇಷ್ಟ್ರೇ, ಡ್ರೈವರಿಗೇ ಏನೋ ಆಗಿದೆ!' ಇಡೀ ಬಸ್ಸು ಗೊಳ್ ಅಂತು. ಮೊಟ್ಟೆ ಮಾರೋ ಹೆಂಗಸು ಕಿಟಕಿಯಿಂದ ತಲೆ ಹಾಕಿ, 'ಹುಡುಗ ಒಳ್ಳೆಯವನು ಮೇಷ್ಟ್ರೇ, ಹೆಣ್ಣು ಕೊಟ್ಬಿಡಿ! ಇಲ್ಲಾಂದ್ರೆ ನಾವ್ಯಾರೂ ಹೊತ್ತಿಗೆ ಸರಿಯಾಗಿ ಊರು ಸೇರಲ್ಲ' ಅಂದ್ಳು. ಮೇಷ್ಟ್ರಿಗೂ ನಗು ತಡೆಯೋಕಾಗ್ಲಿಲ್ಲ."

ನಗು ಇಳಿದ ಮೇಲೆ ಸೀಟಿ ತಾತ ತಲೆ ಕೆರೆದುಕೊಂಡ. "ಆದ್ರೆ ಬಸ್ಸಿನ ಗೊಡವೆಗೇ ಹೋಗದ ಮೇಷ್ಟ್ರಿಗೆ ಮೆಕ್ಯಾನಿಕ್ಕನ್ನ ಕರೆಸೋ ಬುದ್ಧಿ ಎಲ್ಲಿಂದ ಬಂತೋ, ಇವತ್ತಿಗೂ ಗೊತ್ತಿಲ್ಲ."

"ನಾನೇ ಹೇಳಿದ್ದು," ಎಂದಳು ಅಜ್ಜಿ.

ಎಲ್ಲರ ಕತ್ತೂ ಒಟ್ಟಿಗೆ ಅತ್ತ ತಿರುಗಿತು.

"ಇನ್ನೇನ್ಮಾಡ್ಲಿ? ಎಷ್ಟು ದಿನ ಅಂತ ನೀರು ಹೊರೋದು? ಬಾನೆಟ್ಟು ತೆಗೆದಿದ್ದೇ ತೆಗೆದಿದ್ದು, ಬಾಯಿ ಮಾತ್ರ ತೆಗೀಲಿಲ್ಲ ಆ ಮನುಷ್ಯ!"

ಸೀಟಿ ತಾತನಿಗೆ ಚಹಾ ನೆತ್ತಿಗೇರಿತು. ಮೊಮ್ಮಗಳು ಅವನ ಬೆನ್ನು ತಟ್ಟುತ್ತ, ನಗುತ್ತ, ಕಣ್ಣೊರೆಸಿಕೊಳ್ಳುತ್ತ ಕೇಳಿದಳು, "ತಾತನಿಗೆ ಇದು ಗೊತ್ತಿತ್ತಾ ಅಜ್ಜಿ?"

"ಹೇಳಿದ್ರೆ ತಾನೆ! ಮಾವನನ್ನ ನಾನೇ ಗೆದ್ದೆ ಅಂತ ಆಯುಷ್ಯವಿಡೀ ಬೀಗಿದ್ರು. ಪಾಪ, ಬೀಗ್ಲಿ ಅಂತ ಬಿಟ್ಟೆ." ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

"ಮದುವೆಯಾದ ಮಾರನೇ ದಿನ ಏನಾಯ್ತು ಗೊತ್ತಾ?" ಎಂದು ಸೀಟಿ ತಾತ ಬಾಯಿ ಹಾಕಿದ. "ನಿಮ್ಮಜ್ಜಿ ಕೂತಿದಾರೆ ಅಂತ ಬಸ್ಸನ್ನ ಎಷ್ಟು ನಿಧಾನ ಓಡಿಸ್ದ ಅಂದ್ರೆ, ಸೈಕಲ್ಲಲ್ಲಿ ಹೋಗೋರೆಲ್ಲ..."

"ನೀನು ಸುಮ್ನಿರಪ್ಪ," ಎಂದು ಅಜ್ಜಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. "ನಿಂಗೆ ಹಿಂದಿನ ಬಾಗಿಲಲ್ಲಿ ನಿಂತು ಏನು ಕಾಣ್ತಿತ್ತು? ನಾನು ಹೇಳ್ತೀನಿ, ಕೇಳಿ."