ಎದುರುಗಾಳಿಯ ತೂಕ

ಜಮಖಂಡಿ ಮುಂಬಯಿ ರಾಜ್ಯಕ್ಕೆ ಸೇರಿ ಐದು ವರ್ಷವಾದರೂ ಊರಾಚೆಯ ವಿಮಾನದ ಬಯಲನ್ನು ಜಿನ್ನಪ್ಪ ಬಿಟ್ಟಿರಲಿಲ್ಲ. ಸಂಸ್ಥಾನದ ಕಾಲದಲ್ಲಿ ಗಾಳಿ ನೋಡುವ ಕೆಲಸ ಕಲಿತವನು. ವಿಮಾನ ಬಂದ ದಿನ ಬಲೂನು ಹಾರಿಬಿಟ್ಟು, ಅದು ಎತ್ತ ಸರಿಯಿತು, ಎಷ್ಟು ಬೇಗ ಸರಿಯಿತು ಎಂದು ದುರ್ಬೀನಿನಲ್ಲಿ ನೋಡಿ ಪೈಲಟ್‌ಗೆ ಬರೆದುಕೊಡುತ್ತಿದ್ದ.

ಮುಂಗಾರು ತರುವ ಮಿರಗದ ಮಳೆಗೆ ಇನ್ನೆರಡು ದಿನವಿತ್ತು. ಸಕ್ಕರೆ ವ್ಯಾಪಾರಿ ನೀಲಕಂಠ ಬಾಡಿಗೆಗೆ ತರಿಸಿದ್ದ ಸಣ್ಣ ವಿಮಾನ ಮುಂಬಯಿಗೆ ಹೊರಟು ನಿಂತಿತ್ತು. ಅದರಲ್ಲೊಂದು ಸೀಟು ಖಾಲಿ. ನೆರೆಮನೆಯ ಸುಹಾಸಿನಿಗಾಗಿ ಜಿನ್ನಪ್ಪನೇ ಹೋಗಿ ಅದನ್ನು ಕೇಳಿಕೊಂಡಿದ್ದ. ಆಕೆಯ ಗಂಡ ಸದಾಶಿವರಾಯರು ಮುಂಬಯಿಯ ಆಸ್ಪತ್ರೆಯಲ್ಲಿ ಉಳಿಯುವ ಹಾಗಿಲ್ಲವೆಂದು ತಾರು ಬಂದಿತ್ತು.

ಬಲೂನು ಮೇಲೇರಿದ್ದೇ ಪೂರ್ವಕ್ಕೆ ಓಡಿತು. ಪಡುವಣ ಗಾಳಿ, ದಾರಿಯುದ್ದಕ್ಕೂ ಎದುರಿಗೇ ಬಡಿಯುವಂಥದು. ಜಿನ್ನಪ್ಪ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟ. ಪೈಲಟ್ ಚೀಟಿ ನೋಡಿ ಆಗದೆಂದು ತಲೆಯಾಡಿಸಿದ. ಒಂದು ತಾಸು ಹೆಚ್ಚು ಹಾರಬೇಕು, ಅದಕ್ಕೆ ಪೆಟ್ರೋಲು ಹೆಚ್ಚು ಬೇಕು, ಅಷ್ಟು ಭಾರ ಹೊತ್ತು ಈ ಗಿಡ್ಡ ಬಯಲಿನಿಂದ ಏಳಲಾಗದು. ಒಬ್ಬರು ಇಳಿಯಬೇಕು, ಇಲ್ಲವೇ ಹಿಂದೆ ಬೋನಿನಲ್ಲಿದ್ದ ಎರಡು ಮುಧೋಳ ನಾಯಿಗಳನ್ನು ಇಳಿಸಬೇಕು.

"ನಾಯಿ ದೊಡ್ಡ ಸಾಹೇಬ್ರಿಗೆ ಕೊಡಾಕ ಒಯ್ಯಾಕತ್ತೇನಿ," ಎಂದ ನೀಲಕಂಠ. "ಬಾಯಾರ, ನೀವು ಕುಡಚಿಗೆ ಹೋಗಿ ರೈಲು ಹಿಡೀರಿ."

ಆಗಲೇ ಸೀಟಿನಲ್ಲಿ ಕೂತಿದ್ದ ಸುಹಾಸಿನಿ ಜಿನ್ನಪ್ಪನ ಕಡೆ ತಿರುಗಿದಳು. "ಜಿನ್ನಪ್ಪಣ್ಣಾ, ನೀವರ ಒಂದ್ ಮಾತು ಹೇಳ್ರಿ."

ಬಯಲಿನಲ್ಲಿ ಅವನ ಕೆಲಸ ಉಳಿದದ್ದೇ ನೀಲಕಂಠನ ದಯೆಯಿಂದ.

"ಗಾಳಿ ಭಾಳ ಐತ್ರಿ ವೈನಿ," ಎಂದಷ್ಟೇ ಹೇಳಿ ನೆಲ ನೋಡಿದ.

ಆಕೆ ಇಳಿದಳು. ಜಿನ್ನಪ್ಪ ಚೀಲ ಹಿಡಿಯಲು ಹೋದರೆ ಬಿಡಲಿಲ್ಲ.

ವಿಮಾನ ಅದೇ ಮಧ್ಯಾಹ್ನ ಮುಂಬಯಿ ಮುಟ್ಟಿತು. ಕುಡಚಿಯಲ್ಲಿ ಗಾಡಿ ತಪ್ಪಿದ್ದರಿಂದ ಸುಹಾಸಿನಿ ಮುಟ್ಟಿದ್ದು ಮೂರನೆಯ ದಿನ. ಸದಾಶಿವರಾಯರು ಹಿಂದಿನ ಸಂಜೆಯ ತನಕ ಆಕೆಯ ಹೆಸರು ಹಿಡಿದು ಕೇಳುತ್ತಿದ್ದರಂತೆ.

ಹದಿನೈದು ದಿನದ ಮೇಲೆ ಆಕೆ ಊರಿಗೆ ಮರಳಿದಾಗ ಜಿನ್ನಪ್ಪ ಹೋಗಿ ಆಕೆಯ ಮನೆಯ ಕಟ್ಟೆಯ ಮೇಲೆ ಕೂತ.

"ಖರೇನ ಹೇಳತೇನ್ರಿ ವೈನಿ, ಗಾಳೀದು ನಾ ಸುಳ್ಳ ಬರದಿಲ್ಲ."

"ಗಾಳೀದು ನಿಮ್ಮನ್ನ ಯಾರು ಕೇಳ್ಯಾರ?" ಎಂದಳು ಸುಹಾಸಿನಿ. "ನಾಯಿ ಇಳಸ್ರಿ ಅಂತ ಒಂದ್ ಮಾತು ಅನ್ನಲಿಲ್ಲಲ್ಲ ನೀವು."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮುಂದಿನ ವಾರ ನೀಲಕಂಠ ಮತ್ತೆ ವಿಮಾನ ತರಿಸಿದ. ಹೋಗಬಾರದೆಂದು ಜಿನ್ನಪ್ಪ ಬೆಳಗಿನ ತನಕ ಅಂದುಕೊಂಡಿದ್ದ. ಹೋದ. ನೀಲಕಂಠ ಅವನ ಹೆಗಲ ಮೇಲೆ ಕೈಯಿಟ್ಟು ಚಹಾ ಕೊಡಿಸಿದ. ಜಿನ್ನಪ್ಪ ಅವನ ಎದುರಿಗೇ ನಿಂತು ಕುಡಿದ.